ಅಕ್ಕ ಕುಡಿಯಲ್ಲ, ಮೂಸಿ ನೋಡ್ತಾಳೆ

ಬಾರ್ಸಿಲೋನಾದಲ್ಲಿ ಇಳಿದ ಸಂಜೆಯೇ ಭಾವ ನನ್ನನ್ನು ಮನೆ ಹಿಂದಿನ ಬೀದಿಯ ಬಾರಿಗೆ ಕರೆದುಕೊಂಡು ಹೋದರು. ಅಕ್ಕನೂ ಬಂದಳು. ಅಕ್ಕ ಕುಡಿಯುವುದಿಲ್ಲ. ಅದೇನು ವ್ರತ ಅಲ್ಲ, ಅವಳಿಗೆ ಬೇಡ ಅಷ್ಟೆ. ಆದರೆ ಬಾರಿಗೆ ಬರುತ್ತಾಳೆ, ಟೊಮೇಟೊ ಉಜ್ಜಿದ ಬ್ರೆಡ್ಡು, ಆಲಿವ್, ಹುರಿದ ಬಾದಾಮಿ ಎಲ್ಲ ತರಿಸಿಕೊಂಡು ತಿನ್ನುತ್ತಾ ಕೂರುತ್ತಾಳೆ, ನಡುನಡುವೆ ನಮ್ಮ ಗ್ಲಾಸುಗಳನ್ನು ಒಂದೊಂದಾಗಿ ಎಳೆದುಕೊಂಡು ಮೂಸುತ್ತಾಳೆ. ಹಳೆಯ ಚಾಳಿ ಇದು. ತೀರ್ಥಹಳ್ಳಿ ಮನೆಯಲ್ಲಿ ಹಾಲು, ದೋಸೆ ಹಿಟ್ಟು, ಉಪ್ಪಿನಕಾಯಿ ಭರಣಿ, ಕೊನೆಗೆ ಮಡಚಿಟ್ಟ ಕಂಬಳಿ ಕೂಡ ಮೊದಲು ಅಕ್ಕನ ಮೂಗಿನ ಪರೀಕ್ಷೆ ಪಾಸಾಗಬೇಕಿತ್ತು.

ಭಾವ ನನಗೊಂದು ಫೀನೋ ತರಿಸಿದರು. ಶೆರ್ರಿ ಅಂದರೆ ಸ್ಪೇನಿನ ಒಂದು ಬಗೆಯ ವೈನ್, ಅದರಲ್ಲೇ ತೀರಾ ತಿಳಿಯಾದದ್ದು, ಸಿಹಿ ಇಲ್ಲದ್ದು ಫೀನೋ. ಬಾರಿನವನು ಕಪಾಟಿನ ಮೇಲೆ ನಿಂತಿದ್ದ, ಮುಕ್ಕಾಲು ಖಾಲಿಯಾಗಿದ್ದ ಬಾಟಲಿಯಿಂದ ಬಗ್ಗಿಸಿ ಕೊಟ್ಟ. ತಣ್ಣಗೂ ಇರಲಿಲ್ಲ. ಒಂದು ಗುಟುಕು ಕುಡಿದೆ. ಸಪ್ಪೆ, ಜೊತೆಗೆ ಒಂಥರಾ ಕಹಿ. ಇದಕ್ಕಾಗಿ ಇಷ್ಟು ದೂರ ಬಂದೆನಾ ಅನ್ನಿಸಿತು. ಅಕ್ಕ ಗ್ಲಾಸು ಎಳೆದುಕೊಂಡು ಮೂಸಿದಳು.

"ಹಳಸಿದೆ," ಅಂದಳು.

"ಶೆರ್ರಿ ಇರೋದೇ ಹಾಗೆ ಕಣೆ. ಗಾಳಿ ತಾಗಿ ತಾಗಿ ಆಗೋ ವೈನ್ ಅದು. ಕುಡಿಯದವಳಿಗೆ ಏನು ಗೊತ್ತಾಗುತ್ತೆ?" ಅಂದರು ಭಾವ.

"ಗಾಳಿ ತಾಗಿದ್ದು ಬೇರೆ, ಹಳಸಿದ್ದು ಬೇರೆ," ಅಂತ ಹೇಳಿ ಅಕ್ಕ ಬಾದಾಮಿ ಕಡೆ ತಿರುಗಿದಳು. ನಾನೂ ಭಾವನ ಕಡೆಯೇ ಸೇರಿ ನಕ್ಕೆ. ಆ ನಗುವಿಗೆ ಐದು ದಿನ ಆದಮೇಲೆ ದಂಡ ಕಟ್ಟಬೇಕಾಯಿತು, ಅದು ಆಮೇಲೆ.

ಭಾವನಿಗೆ ಈ ಶೆರ್ರಿ ಹುಚ್ಚು ಹತ್ತಿದ್ದು ಸ್ಪೇನಿನಲ್ಲಲ್ಲ, ಬೆಂಗಳೂರಿನಲ್ಲಿ. ಅದೂ ವಿಸ್ಕಿಯಿಂದ. ನಮ್ಮ ಅಮೃತ್ ಡಿಸ್ಟಿಲರೀಸ್‌ನವರ ಇಂಟರ್ಮೀಡಿಯೆಟ್ ಶೆರ್ರಿ ಅಂತ ಒಂದು ಸಿಂಗಲ್ ಮಾಲ್ಟ್ ಇದೆಯಲ್ಲ, ಅದರಲ್ಲಿ ವಿಸ್ಕಿಯನ್ನು ನಡುವೆ ಒಂದಷ್ಟು ಕಾಲ ಶೆರ್ರಿ ಪೀಪಾಯಿಯಲ್ಲಿ ಇಟ್ಟು ಮತ್ತೆ ಬೇರೆ ಪೀಪಾಯಿಗೆ ಹಾಕುತ್ತಾರೆ. ಅದನ್ನು ಕುಡಿದ ದಿನದಿಂದ ಆ ಪೀಪಾಯಿ ಬರುವ ಊರು ನೋಡಬೇಕು ಅಂತ ಅವರಿಗೆ ಆಸೆ. ಕೆಲಸ ಸಿಕ್ಕಿದ್ದು ಬಾರ್ಸಿಲೋನಾದಲ್ಲಿ, ಶೆರ್ರಿ ಊರು ಇರುವುದು ದೇಶದ ಇನ್ನೊಂದು ತುದಿಯಲ್ಲಿ. ನಾನು ಹೋದ ನೆಪದಲ್ಲಿ ಯಾತ್ರೆ ಹೊರಟಿತು. ಏಪ್ರಿಲ್ ತಿಂಗಳು. ನನಗೆ ವೈನ್ ಅಂದರೆ ನಂದಿ ಬೆಟ್ಟದ ಕಡೆಯ ಕೆಂಪು ವೈನ್ ಒಂದೆರಡು ಸಲ, ಯಾರದೋ ಮದುವೆಯಲ್ಲಿ ಶಾಂಪೇನ್ ಅಂತ ಕೊಟ್ಟ ಏನೋ ಒಂದು, ಇಷ್ಟೇ ಅನುಭವ. ಒಂದು ಪುಟ್ಟ ನೋಟ್‌ಬುಕ್ ತಗೊಂಡಿದ್ದೆ, ರುಚಿ ಬರೆದಿಡೋಣ ಅಂತ. ಮೊದಲ ಪುಟದಲ್ಲಿ "ಫೀನೋ, ಕಹಿ, ಬೇಡ" ಅಂತಷ್ಟೇ ಇದೆ.

ಮಾರನೆ ದಿನ ಕಾವಾ. ಇದು ಕ್ಯಾಟಲೋನಿಯಾದ ಬುಡುಬುಡು ವೈನ್. ಬಾರ್ಸಿಲೋನಾದಿಂದ ಆರ್4 ಲೋಕಲ್ ರೈಲು ಹತ್ತಿದರೆ ಮುಕ್ಕಾಲು ಗಂಟೆಗೆ ಸಾಂತ್ ಸದುರ್ನಿ ದ ಅನೋಯಾ. ಸ್ಟೇಷನ್ನಿನಲ್ಲಿ ಇಳಿದರೆ ಪಕ್ಕದಲ್ಲೇ ಕಾವಾ ಮಾಡುವ ಫ್ರೆಶೆನೆಟ್ ಕಂಪನಿಯ ಕಟ್ಟಡ, ಆಟೋ ಹಿಡಿಯುವ ಕಷ್ಟವೂ ಇಲ್ಲ. ಇದೇ ಊರಿನಲ್ಲಿ 1872ರಲ್ಲಿ ಕೊದೊರ್ನೀವು ಮನೆತನದ ಜೋಸೆಪ್ ರವೆಂತೋಸ್ ಶಾಂಪೇನ್ ವಿಧಾನದಲ್ಲಿ ಇಲ್ಲಿನ ದ್ರಾಕ್ಷಿಯಿಂದ ವೈನ್ ಮಾಡಿದರು. ಆಗ ಅದನ್ನೂ ಶಾಂಪೇನ್ ಅಂತಲೇ ಕರೆಯುತ್ತಿದ್ದರು. ಫ್ರಾನ್ಸಿನವರು ಹೆಸರು ನಮ್ಮದು ಅಂತ ಜಗಳ ತೆಗೆದಮೇಲೆ ಕಾವಾ ಆಯಿತು. ಕಾವಾ ಅಂದರೆ ನೆಲಮಾಳಿಗೆ, ಅಷ್ಟೇ ಅರ್ಥ.

ಈ ಊರಿನ ಒಂದು ವಿಷಯ ನನಗೆ ತುಂಬಾ ಇಷ್ಟವಾಯಿತು. 1887ರ ಹೊತ್ತಿಗೆ ಫಿಲಾಕ್ಸೆರಾ ಅನ್ನುವ ಹುಳ ಇಲ್ಲಿನ ತೋಟಗಳಿಗೆ ಬಂತು. ಬಳ್ಳಿಯ ಬೇರು ತಿನ್ನುವ ಪುಟಾಣಿ ಹುಳ. ತೋಟಕ್ಕೆ ತೋಟವೇ ಹೋಯಿತು. ಕೊನೆಗೆ ಅಮೆರಿಕದ ಬಳ್ಳಿಯ ಬೇರಿಗೆ ಊರಿನ ಬಳ್ಳಿಯ ಕಸಿ ಕಟ್ಟಿ ಮತ್ತೆ ನೆಟ್ಟರು. ಹಾಗೆ ನೆಡುವಾಗ ಮೊದಲಿದ್ದ ಕಪ್ಪು ದ್ರಾಕ್ಷಿಯ ಜಾಗಕ್ಕೆ ಹೆಚ್ಚಾಗಿ ಬಿಳಿ ದ್ರಾಕ್ಷಿ ಬಂತು, ಕಾವಾ ಬೆಳೆದದ್ದು ಅದರಿಂದ. ಈಗ ಪ್ರತಿ ಸೆಪ್ಟೆಂಬರ್‌ನಲ್ಲಿ ಊರಿನವರು ಆ ಹುಳದ್ದೇ ಹಬ್ಬ ಮಾಡುತ್ತಾರೆ! ದೊಡ್ಡ ಹುಳದ ಬೊಂಬೆ ಮಾಡಿ ಬೀದಿಯಲ್ಲಿ ಮೆರವಣಿಗೆ. ನಮ್ಮಲ್ಲಿ ಅಡಿಕೆಗೆ ಕೊಳೆರೋಗ ಬಂದದ್ದಕ್ಕೆ ಯಾರಾದರೂ ರಥ ಎಳೆದಿದ್ದಾರಾ?

ನಾವು ಹೋದದ್ದು ಒಂದು ಸಣ್ಣ ಕುಟುಂಬದ ನೆಲಮಾಳಿಗೆಗೆ. ಕೆಳಗೆ ಇಳಿದಂತೆ ತಂಪು. ಗೋಡೆಯುದ್ದಕ್ಕೂ ಬಾಟಲಿಗಳು ಅಡ್ಡ ಮಲಗಿವೆ, ಮೇಲೆ ಬಿರಡೆಯ ಬದಲು ಸೋಡಾ ಬಾಟಲಿಯಂಥ ತಗಡಿನ ಮುಚ್ಚಳ. ತೋರಿಸುತ್ತಿದ್ದ ಹುಡುಗಿ ನಿಧಾನವಾಗಿ ಇಂಗ್ಲಿಷಿನಲ್ಲಿ ವಿವರಿಸಿದಳು. ಮೊದಲು ಸಾದಾ ಬಿಳಿ ವೈನ್ ಮಾಡುತ್ತಾರೆ. ಅದನ್ನು ಬಾಟಲಿಗೆ ತುಂಬಿ, ಸ್ವಲ್ಪ ಸಕ್ಕರೆ, ಸ್ವಲ್ಪ ಯೀಸ್ಟ್ ಹಾಕಿ ಮುಚ್ಚುತ್ತಾರೆ. ಒಳಗೆ ಇನ್ನೊಂದು ಸಲ ಹುಳಿಯುತ್ತದೆ, ಗ್ಯಾಸು ಹೊರಗೆ ಹೋಗಲು ದಾರಿ ಇಲ್ಲ, ವೈನಿನಲ್ಲೇ ಕರಗುತ್ತದೆ. ಒಳಗಿನ ಒತ್ತಡ ಕಾರಿನ ಟೈರಿನ ಎರಡು ಪಟ್ಟಿಗಿಂತ ಜಾಸ್ತಿ. ಕೆಲಸ ಮುಗಿಸಿದ ಯೀಸ್ಟ್ ಸತ್ತು ಬುಡದಲ್ಲಿ ಕೂರುತ್ತದೆ, ಮತ್ತು ರುಚಿ ಬರುವುದು ಅದರಿಂದಲೇ. ಕನಿಷ್ಠ 9 ತಿಂಗಳು ಅದರ ಜೊತೆ ಇರಬೇಕು. ರಿಸೆರ್ವಾ ಅನ್ನಿಸಿಕೊಳ್ಳಲು 18 ತಿಂಗಳು, ಗ್ರಾನ್ ರಿಸೆರ್ವಾಗೆ 30. ಆಮೇಲೆ ಬಾಟಲಿಯನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ ತಲೆಕೆಳಗೆ ಮಾಡಿ, ಗಸಿಯೆಲ್ಲ ಕತ್ತಿನಲ್ಲಿ ಸೇರಿಸಿ, ಕತ್ತನ್ನು ಮಾತ್ರ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಗಸಿ ಫಟ್ ಅಂತ ಹಾರಿಹೋಗುತ್ತದೆ. ಈ ತಿರುಗಿಸುವ ಕೆಲಸವನ್ನು ಈಗ ಹೆಚ್ಚಾಗಿ ಯಂತ್ರ ಮಾಡುತ್ತದೆ.

ಮೇಲೆ ಬಂದು ರುಚಿ ನೋಡಲು ಕೂತೆವು. ಎರಡು ಗ್ಲಾಸು. ಒಂದು ಎಳೆಯದು, ಒಂದು ಗ್ರಾನ್ ರಿಸೆರ್ವಾ. ನಾನು ಬಣ್ಣ ನೋಡಿದೆ, ಗುಳ್ಳೆ ನೋಡಿದೆ, ಕುಡಿದೆ. ಎರಡೂ ಹುಳಿ, ಎರಡೂ ಚುರುಚುರು. ಎರಡನೆಯದರಲ್ಲಿ ಗುಳ್ಳೆ ಸಣ್ಣದು, ಮೃದು. ಇನ್ನೇನು ಬರೆಯಲಿ ಅಂತ ಪೆನ್ನು ಕಚ್ಚುತ್ತಾ ಕೂತಿದ್ದೆ.

ಅಕ್ಕ ಮೊದಲನೆಯದನ್ನು ಮೂಸಿ "ಹಸಿರು ಸೇಬು, ನಿಂಬೆ ಸಿಪ್ಪೆ... ಸ್ವಲ್ಪ ಸೋಂಪು ಇದೆಯಾ?" ಅಂದಳು. ಎರಡನೆಯದಕ್ಕೆ ಮೂಗು ಇಟ್ಟು ಅಲ್ಲೇ ನಿಂತುಬಿಟ್ಟಳು. "ಅಯ್ಯಂಗಾರ್ ಬೇಕರಿ. ಬೆಳಗ್ಗೆ ಬ್ರೆಡ್ಡು ಹೊರಗೆ ತೆಗೀತಾರಲ್ಲ, ಆ ಹೊತ್ತು."

ಭಾವ ಇದನ್ನು ತಮಾಷೆಯಾಗಿ ಆ ಹುಡುಗಿಗೆ ಅನುವಾದ ಮಾಡಿ ಹೇಳಿದರು. ಅವಳು ನಗಲಿಲ್ಲ. ತಲೆಯಾಡಿಸಿದಳು. ಸತ್ತ ಯೀಸ್ಟಿನ ಜೊತೆ ಜಾಸ್ತಿ ಕಾಲ ಇದ್ದದ್ದಕ್ಕೆ ಬ್ರೆಡ್ಡಿನ ವಾಸನೆಯೇ ಗುರುತಂತೆ. ಕಾವಾದ ಮೂರು ಮುಖ್ಯ ದ್ರಾಕ್ಷಿಗಳಾದ ಮಕಬೇವೊ, ಶರೆಲ್ಲೊ, ಪರೆಯಾದಗಳಲ್ಲಿ ಶರೆಲ್ಲೊಗೆ ಸೋಂಪಿನ ಕಡೆಯ ವಾಸನೆ ಇರುತ್ತದಂತೆ. ಅಕ್ಕನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ನಾನು ಮತ್ತೆ ಗ್ಲಾಸಿಗೆ ಮೂಗು ಇಟ್ಟೆ. ಅಯ್ಯೋ, ಹೌದು! ಇಷ್ಟು ಹೊತ್ತು ಅದು ಅಲ್ಲೇ ಇತ್ತು, ಹೆಸರು ಸಿಕ್ಕಿರಲಿಲ್ಲ ಅಷ್ಟೆ. ಅವತ್ತಿನಿಂದ ನೋಟ್‌ಬುಕ್ ಅಕ್ಕನ ಕೈಗೆ ಹೋಯಿತು.

ವಾಪಸು ಬರುವಾಗ ಭಾವ ಒಂದು ಎಡವಟ್ಟು ಮಾಡಿದರು. ಸೆಕೊ ಅಂದರೆ ಸ್ಪ್ಯಾನಿಷಿನಲ್ಲಿ ಒಣ, ವೈನಿನ ಲೆಕ್ಕದಲ್ಲಿ ಸಿಹಿ ಇಲ್ಲದ್ದು, ಅಂತ ಹೇಳಿ ಅಂಗಡಿಯಿಂದ 'ಸೆಕೊ' ಅಂತ ಬರೆದ ಕಾವಾ ತಂದರು. ರಾತ್ರಿ ಊಟಕ್ಕೆ ತೆಗೆದರೆ ಪಾನಕ! ಕಾವಾದಲ್ಲಿ ಸೆಕೊ ಅಂದರೆ ಲೀಟರಿಗೆ 17ರಿಂದ 32 ಗ್ರಾಂ ಸಕ್ಕರೆ. ನಿಜವಾಗಿ ಸಿಹಿ ಬೇಡದವರು 'ಬ್ರೂಟ್ ನೇಚರ್' ಅಂತ ಬರೆದದ್ದನ್ನು ನೋಡಬೇಕು, ಅದರಲ್ಲಿ ಲೀಟರಿಗೆ 3 ಗ್ರಾಂ ಒಳಗೆ. ಬರೀ 'ಬ್ರೂಟ್' ಆದರೆ 12ರವರೆಗೆ ಹೋಗಬಹುದು. ಹೆಸರಿಟ್ಟವರಿಗೆ ಒಣ ಅಂದರೆ ಏನು ಅಂತ ಯಾರಾದರೂ ಹೇಳಬೇಕಿತ್ತು.

ಮುಂದಿನ ಸಂಜೆ ಕೆಂಪು ವೈನ್. ರಿಯೋಹಾ ಪ್ರಾಂತ್ಯದ್ದು, ತೆಂಪ್ರನೀಯೊ ದ್ರಾಕ್ಷಿ, ಲೇಬಲ್ಲಿನಲ್ಲಿ ಕ್ರಿಯಾನ್ಸಾ ಅಂತ ಇತ್ತು, ಅಂದರೆ ಒಂದು ವರ್ಷ ಓಕ್ ಪೀಪಾಯಿಯಲ್ಲಿ ಇದ್ದದ್ದು. ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅಕ್ಕ ಮೂಸಿ "ಕೊಬ್ಬರಿ" ಅಂದದ್ದು ಬಿಟ್ಟು. ಒಣಕೊಬ್ಬರಿ, ಚೆನ್ನಾಗಿ ಹಣ್ಣಾದ ನೇರಳೆ ಹಣ್ಣು. ದ್ರಾಕ್ಷಿಯಲ್ಲಿ ಕೊಬ್ಬರಿ ಎಲ್ಲಿಂದ ಅಂತ ಭಾವ ವಾದಕ್ಕೆ ಇಳಿದರು. ಬಾರಿನ ಹೆಂಗಸು ಕೇಳಿಸಿಕೊಂಡು "ಸೀ, ಕೋಕೊ" ಅಂದಳು. ರಿಯೋಹಾದಲ್ಲಿ ಹಿಂದಿನಿಂದಲೂ ಬಳಸುವುದು ಅಮೆರಿಕನ್ ಓಕ್, ಆ ಮರದಿಂದಲೇ ಕೊಬ್ಬರಿ, ವೆನಿಲಾ ವಾಸನೆ ಬರುವುದು. ಭಾವ ಸುಮ್ಮನಾದರು.

ಆಮೇಲೆ ವಿಮಾನದಲ್ಲಿ ಸೆವಿಲ್ಲೆ, ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ, ಹೆರೆಸ್. ಈ ಹೆಸರನ್ನು ಅರಬರು ಶೆರಿಶ್ ಅನ್ನುತ್ತಿದ್ದರು, ಇಂಗ್ಲಿಷರ ಬಾಯಲ್ಲಿ ಅದೇ ಶೆರ್ರಿ. ಹೆರೆಸ್, ಸಾನ್‌ಲೂಕರ್ ದೆ ಬರಮೇದಾ, ಎಲ್ ಪುಯೆರ್ತೊ ದೆ ಸಾಂತಾ ಮರಿಯಾ, ಈ ಮೂರು ಊರುಗಳ ಸುತ್ತ ಆಗುವುದೇ ಶೆರ್ರಿ. ಕಿಟಕಿಯಿಂದ ನೋಡಿದರೆ ಮಣ್ಣು ಸುಣ್ಣ ಬಳಿದ ಹಾಗೆ ಬಿಳಿ. ಅಲ್ಬರೀಸಾ ಅಂತಾರೆ. ಮಳೆಗಾಲದ ನೀರನ್ನು ಸ್ಪಂಜಿನ ಹಾಗೆ ಹೀರಿ ಇಟ್ಟುಕೊಂಡು, ಬೇಸಿಗೆಯಲ್ಲಿ ಮೇಲ್ಗಡೆ ಗಟ್ಟಿ ಪದರವಾಗಿ ಒಳಗಿನ ತೇವ ಕಾಯುತ್ತದೆ. ಅದರಲ್ಲಿ ಬೆಳೆಯುವುದು ಪಲೊಮಿನೊ ದ್ರಾಕ್ಷಿ. ಪಲೊಮಿನೊಗೆ ಸ್ವಂತ ರುಚಿ ಅಂಥದ್ದೇನಿಲ್ಲ. ಅದನ್ನು ಶೆರ್ರಿ ಮಾಡುವುದು ಆಮೇಲಿನ ಕೆಲಸ.

ಮೊದಲ ದಿನ ಎಲ್ಲರೂ ಹೋಗುವ ಗೊನ್ಸಾಲೆಸ್ ಬ್ಯಾಸ್‌ಗೇ ಹೋದೆವು. 1835ರಲ್ಲಿ ಶುರುವಾದದ್ದು. ಅವರ ಫೀನೋ ಹೆಸರು ತೀಯೊ ಪೇಪೆ. ಸ್ಪ್ಯಾನಿಷಿನಲ್ಲಿ ತೀಯೊ ಅಂದರೆ ಚಿಕ್ಕಪ್ಪನೂ ಹೌದು, ದೊಡ್ಡಪ್ಪನೂ ಹೌದು, ಮಾವನೂ ಹೌದು. "ಯಾರ ಕಡೆಯವರು?" ಅಂತ ಅಕ್ಕ ಕೇಳಿದಳು. ಬೇರೆ ಯಾರೂ ಇದನ್ನು ಕೇಳಿರಲಿಕ್ಕಿಲ್ಲ. ಸ್ಥಾಪಕರ ತಾಯಿಯ ಕಡೆಯವರು, ಅಂದರೆ ಸೋದರಮಾವ. ಅಳಿಯನಿಗೆ ಶೆರ್ರಿ ವಿದ್ಯೆ ಹೇಳಿಕೊಟ್ಟವರು. ಪೇಪೆ ಮಾವ! ಅಲ್ಲೇ ಒಂದು ಮೂಲೆಯಲ್ಲಿ ನೆಲದ ಮೇಲೆ ಸಿಹಿ ಶೆರ್ರಿಯ ಗ್ಲಾಸು, ಅದಕ್ಕೆ ಒರಗಿಸಿದ ಪುಟಾಣಿ ಏಣಿ. ಇಲಿಗಳು ಹತ್ತಿ ಕುಡಿಯಲಿ ಅಂತ. ನಾವು ನೋಡಿದಾಗ ಇಲಿ ಬರಲಿಲ್ಲ.

ನಿಜವಾದ ಪಾಠ ಆದದ್ದು ಎರಡನೆಯ ದಿನ, ಒಂದು ಚಿಕ್ಕ ಬೊದೇಗಾದಲ್ಲಿ. ಬೊದೇಗಾ ಅಂದರೆ ವೈನ್ ಇಡುವ ಮನೆ. ಚರ್ಚಿನಷ್ಟು ಎತ್ತರದ ಸೂರು, ಮೇಲೆ ಸಣ್ಣ ಕಿಟಕಿಗಳು, ಕಿಟಕಿಗೆ ಹುಲ್ಲಿನ ಚಾಪೆಯ ಪರದೆ. ನೆಲಕ್ಕೆ ಹಳದಿ ಮರಳು ಹಾಕಿ ನೀರು ಚಿಮುಕಿಸಿದ್ದರು. ಒಳಗೆ ಹೆಜ್ಜೆ ಇಟ್ಟ ತಕ್ಷಣ ಒಂದು ವಾಸನೆ. ಅಕ್ಕ ಬಾಗಿಲಲ್ಲೇ ನಿಂತು ಕಣ್ಣು ಮುಚ್ಚಿದಳು. "ಅಜ್ಜಿ ಮನೆ ಅಟ್ಟ. ಮಳೆಗಾಲ." ನನಗೂ ಹಾಗೇ ಅನ್ನಿಸಿತ್ತು ಅಂತ ಹೇಳಿಕೊಳ್ಳಲು ಆಸೆ, ಆದರೆ ಅನ್ನಿಸಿದ್ದು ಅವಳು ಹೇಳಿದ ಮೇಲೆ.

ಅಲ್ಲಿನ ಕಪತಾಸ್, ಅಂದರೆ ಪೀಪಾಯಿಗಳ ಮೇಸ್ತ್ರಿ, ಅರವತ್ತು ದಾಟಿದ ಮನುಷ್ಯ. ಇಂಗ್ಲಿಷ್ ಬರುವುದಿಲ್ಲ. ಭಾವನ ಸ್ಪ್ಯಾನಿಷೇ ಗತಿ. ಒಂದು ಪೀಪಾಯಿಯ ಮುಖಕ್ಕೆ ಗಾಜು ಹಾಕಿ ಇಟ್ಟಿದ್ದರು, ಒಳಗೆ ಏನಾಗುತ್ತಿದೆ ಅಂತ ಕಾಣಲು. ವೈನಿನ ಮೇಲೆ ಸುಕ್ಕು ಸುಕ್ಕಾದ ಬೆಳ್ಳನೆಯ ಪದರ. ಅದರ ಹೆಸರು ಫ್ಲೋರ್, ಹೂವು ಅಂತ ಅರ್ಥ. ಅದೊಂದು ಬಗೆಯ ಯೀಸ್ಟ್, ವಸಂತದಲ್ಲಿ ದಪ್ಪಗಿರುತ್ತದೆ. 600 ಲೀಟರಿನ ಪೀಪಾಯಿಗೆ 500 ಲೀಟರಷ್ಟೇ ತುಂಬುವುದು ಅದಕ್ಕೆ ಉಸಿರಾಡಲು ಜಾಗ ಇರಲಿ ಅಂತ.

"ಉಪ್ಪಿನಕಾಯಿ ಮೇಲೆ ಹೀಗೆ ಬೂಷ್ಟು ಬಂದ್ರೆ ಅಮ್ಮ ಎಸೀತಿದ್ಲು, ಇಲ್ಲಿ ಟಿಕೆಟ್ ತಗೊಂಡು ನೋಡ್ತಾರೆ," ಅಂದಳು ಅಕ್ಕ.

ಈ ಬೂಷ್ಟೇ ಫೀನೋದ ಜೀವ. ವೈನಿಗೆ ದ್ರಾಕ್ಷಿಯಿಂದಲೇ ಇಳಿಸಿದ ಸಾರಾಯಿ ಸೇರಿಸಿ ಆಲ್ಕೋಹಾಲನ್ನು ಶೇಕಡಾ 15ಕ್ಕೆ ತಂದರೆ ಫ್ಲೋರ್ ಸುಖವಾಗಿ ಬದುಕುತ್ತದೆ, ವೈನಿಗೂ ಗಾಳಿಗೂ ನಡುವೆ ಹೊದಿಕೆಯಾಗಿ ಕೂರುತ್ತದೆ, ವೈನಿನಲ್ಲಿರುವ ಗ್ಲಿಸರಾಲ್ ತಿಂದು ಅದನ್ನು ತೆಳ್ಳಗೆ, ಚುರುಕು ಮಾಡುತ್ತದೆ. 17 ದಾಟಿಸಿದರೆ ಫ್ಲೋರ್ ಬದುಕುವುದಿಲ್ಲ. ವೈನ್ ನೇರ ಗಾಳಿಗೆ ಸಿಕ್ಕಿ ಕಂದು ಬಣ್ಣಕ್ಕೆ ತಿರುಗಿ ಒಲೊರೊಸೊ ಆಗುತ್ತದೆ. ಮೊದಲು ಕೆಲವು ವರ್ಷ ಫ್ಲೋರ್ ಕೆಳಗಿದ್ದು, ಆಮೇಲೆ ಅದು ಸತ್ತು ಗಾಳಿ ತಾಗಿದರೆ ಅಮೊಂತಿಯಾದೊ. ಅಂದರೆ ಭಾವ ಮೊದಲ ದಿನ ಹೇಳಿದ "ಗಾಳಿ ತಾಗಿ ತಾಗಿ ಆಗೋ ವೈನ್" ಒಲೊರೊಸೊ ವಿಷಯದಲ್ಲಿ ನಿಜ, ಫೀನೋ ವಿಷಯದಲ್ಲಿ ತಲೆಕೆಳಗು. ಫೀನೋಗೆ ಗಾಳಿ ಆಗಿಬರಲ್ಲ!

ನಾನು ಅಕ್ಕನ ಮುಖ ನೋಡಲಿಲ್ಲ.

ಆಮೇಲೆ ಸೊಲೆರಾ. ಇದನ್ನು ಅರ್ಥಮಾಡಿಕೊಳ್ಳಲು ನಾನು ವಿಡಿಯೋಗಳನ್ನೆಲ್ಲ ನೋಡಿ ಸೋತಿದ್ದೆ. ಪೀಪಾಯಿಗಳನ್ನು ಸಾಲು ಸಾಲಾಗಿ ಒಂದರ ಮೇಲೊಂದು ಇಟ್ಟಿರುತ್ತಾರೆ. ಕೆಳಗಿನ ಸಾಲಿನಲ್ಲಿ ಎಲ್ಲಕ್ಕಿಂತ ಹಳೆಯ ವೈನ್. ಬಾಟಲಿಗೆ ಹೋಗುವುದು ಅದರಿಂದ, ಅದೂ ಸ್ವಲ್ಪವೇ, ಒಂದು ಸಲಕ್ಕೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೆಗೆಯುವುದಿಲ್ಲ. ತೆಗೆದಷ್ಟನ್ನು ಮೇಲಿನ ಸಾಲಿನಿಂದ ತುಂಬುತ್ತಾರೆ, ಅದಕ್ಕೆ ಅದರ ಮೇಲಿನದರಿಂದ, ತೀರಾ ಮೇಲಿನದಕ್ಕೆ ಈ ವರ್ಷದ ಹೊಸ ವೈನ್. ಪೀಪಾಯಿ ಯಾವತ್ತೂ ಪೂರ್ತಿ ಖಾಲಿ ಆಗುವುದೇ ಇಲ್ಲ. ಹಾಗಾಗಿ ಸಾಮಾನ್ಯವಾಗಿ ಬಾಟಲಿಯ ಮೇಲೆ ಇಂಥ ವರ್ಷದ್ದು ಅಂತಲೂ ಇರುವುದಿಲ್ಲ. ಭಾವ ಶೇಕಡಾವಾರು ಲೆಕ್ಕ ಹಾಕಿ ಹೇಳುತ್ತಿದ್ದರು, ನನ್ನ ತಲೆ ಗಿರ್ ಅನ್ನುತ್ತಿತ್ತು.

"ಹೆಪ್ಪು ಅಲ್ವೇನೇ?" ಅಂದಳು ಅಕ್ಕ. "ನಿನ್ನೆ ಮೊಸರಲ್ಲಿ ಒಂಚೂರು ಉಳಿಸಿ ಇವತ್ತಿನ ಹಾಲಿಗೆ. ನಮ್ಮನೆ ಮೊಸರು ಎಷ್ಟು ಹಳೇದು ಹೇಳು ನೋಡೋಣ."

ಅಮ್ಮ ಮದುವೆಯಾಗಿ ಬಂದಾಗ ಅಜ್ಜಿ ಮನೆಯಿಂದ ತಂದ ಹೆಪ್ಪದು. ಭಾವ ಕೂಡ ಲೆಕ್ಕ ನಿಲ್ಲಿಸಿದರು.

ಭಾವನಿಗೆ ಇನ್ನೊಂದು ಪೆಟ್ಟು ಕಾದಿತ್ತು. ಈ ಹಳೆಯ ಪೀಪಾಯಿಗಳೇ ಅಲ್ವಾ ವಿಸ್ಕಿ ಕಂಪನಿಗಳಿಗೆ ಹೋಗೋದು ಅಂತ ಹೆಮ್ಮೆಯಿಂದ ಕೇಳಿದರು. ಮೇಸ್ತ್ರಿ ಜೋರಾಗಿ ನಕ್ಕರು. ಸೊಲೆರಾ ಪೀಪಾಯಿ ತಲೆಮಾರುಗಟ್ಟಲೆ ಇಲ್ಲೇ ಇರುತ್ತದೆ, ರಿಪೇರಿ ಮಾಡಿ ಮಾಡಿ ಬಳಸುತ್ತಾರೆ. ಅವರಿಗೆ ಬೇಕಾದದ್ದೇ ಮರದ ರುಚಿ ಬಿಡದ ಮುದಿ ಪೀಪಾಯಿ. ವಿಸ್ಕಿಗೆ ಹೋಗುವುದು ಹೆಚ್ಚಾಗಿ ಹೊಸದಾಗಿ ಮಾಡಿ, ಒಂದೆರಡು ವರ್ಷ ಶೆರ್ರಿ ತುಂಬಿ ಪಳಗಿಸಿದ ಪೀಪಾಯಿ. ಸೋತ ಭಾವ ಬೆಂಗಳೂರಿನ ಸುದ್ದಿ ತೆಗೆದರು. ನಮ್ಮೂರಲ್ಲಿ ಪೀಪಾಯಿಯಲ್ಲಿಟ್ಟ ವಿಸ್ಕಿ ವರ್ಷಕ್ಕೆ ಶೇಕಡಾ 10, 12ರಷ್ಟು ಆವಿಯಾಗಿ ಹೋಗುತ್ತೆ ಅಂದರು. ಇಲ್ಲಿ ಹೋಗುವುದು 3ರಿಂದ 5. ಮೇಸ್ತ್ರಿ ನಿಜವಾಗಿ ಕನಿಕರದಿಂದ ನೋಡಿದರು, ಯಾರದೋ ಮನೆಯಲ್ಲಿ ತೀರಿಕೊಂಡ ಸುದ್ದಿ ಕೇಳಿದ ಹಾಗೆ.

ಈಗ ರುಚಿ ನೋಡುವುದು. ಮೇಸ್ತ್ರಿ ವೆನೆನ್ಸಿಯಾ ತಂದರು. ಉದ್ದನೆಯ ಬಾಗುವ ಕಡ್ಡಿ, ತುದಿಗೆ ಒಂದು ಸಣ್ಣ ಲೋಟ. ಪೀಪಾಯಿಯ ಮೇಲಿನ ತೂತಿನಿಂದ ಸಟಕ್ಕನೆ ಇಳಿಸಿ, ಫ್ಲೋರ್ ಪದರ ಜಾಸ್ತಿ ಕದಡದ ಹಾಗೆ ನಡುವಿನ ವೈನ್ ತೆಗೆದು, ತಲೆಯೆತ್ತರದಿಂದ ಗ್ಲಾಸಿಗೆ ಬಿಟ್ಟರು. ಒಂದು ಹನಿ ಚೆಲ್ಲಲಿಲ್ಲ. ಭಾವ ಪ್ರಯತ್ನ ಮಾಡಿದರು. ಅವರ ಶೂ ಇವತ್ತಿಗೂ ಫೀನೋ ವಾಸನೆ ಬರುತ್ತದೆ ಅಂತ ಅಕ್ಕ ಹೇಳುತ್ತಾಳೆ.

ನಾನು ಕುಡಿದೆ. ಇದು ಆ ಬಾರಿನ ಫೀನೋದ ನೆಂಟನೂ ಅಲ್ಲ. ನಾಲಿಗೆಯ ಮೇಲೆ ಉಪ್ಪಿನಂಥದ್ದೇನೋ ಓಡಿತು, ಬಾಯಲ್ಲಿ ನೀರೂರಿತು, ಆಮೇಲೆ ಎಷ್ಟೋ ಹೊತ್ತು ಬಾದಾಮಿ ಉಳಿಯಿತು. ಅಕ್ಕ ಮೂಸಿ ಬರೆದದ್ದು ಹೀಗೆ: "ನೆನೆಸಿಟ್ಟ ಬಾದಾಮಿ ಸಿಪ್ಪೆ. ರಾತ್ರಿ ಉಬ್ಬಿದ ದೋಸೆ ಹಿಟ್ಟು, ಹುಳಿ ಜಾಸ್ತಿ ಆಗೋ ಮುಂಚೆ. ಸೇಬು ಕತ್ತರಿಸಿ ಹತ್ತು ನಿಮಿಷ." ಆ ಕಡೆಯದಕ್ಕೆ ಅಸಿಟಾಲ್ಡಿಹೈಡ್ ಅಂತ ಹೆಸರು, ಫ್ಲೋರ್ ಮಾಡುವ ವಸ್ತು, ಫೀನೋದ ಮುಖ್ಯ ವಾಸನೆಯೇ ಅದು. ಮೊದಲ ಸಂಜೆಯದೂ ಸೇಬೇ, ಆದರೆ ಎರಡು ದಿನ ಡಬ್ಬಿಯಲ್ಲಿ ಬಿಟ್ಟ ಸೇಬು ಅಂದಳು.

ಭಾವ ಸ್ವಲ್ಪ ಮುಜುಗರದಿಂದಲೇ ಮೇಸ್ತ್ರಿಯನ್ನು ಕೇಳಿದರು, ತೆರೆದ ಫೀನೋ ಬಾಟಲಿ ಎಷ್ಟು ದಿನ ಇಡಬಹುದು? ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನ, ಹೆಚ್ಚೆಂದರೆ ಒಂದು ವಾರ. ಹಾಲಿನ ಹಾಗೆ ನೋಡಿಕೊಳ್ಳಬೇಕಂತೆ. ಕಪಾಟಿನ ಮೇಲೆ? ಮೇಸ್ತ್ರಿ ಕೈಯನ್ನು ಕತ್ತಿನ ಅಡ್ಡ ಎಳೆದು ತೋರಿಸಿದರು. ಆಮೇಲೆ ಅಕ್ಕನ ಗ್ಲಾಸು ಹಾಗೇ ತುಂಬಿದ್ದನ್ನು ನೋಡಿ ಯಾಕೆ ಕುಡಿದಿಲ್ಲ ಅಂದರು. ಕುಡಿಯಲ್ಲ, ಮೂಸ್ತಾಳೆ ಅಷ್ಟೇ ಅಂತ ಭಾವ ಹೇಳಿದಾಗ ಆ ಮನುಷ್ಯ ತನ್ನ ಮೂಗು ತಟ್ಟಿಕೊಂಡರು. ಪೀಪಾಯಿಗಳನ್ನು ವಿಂಗಡಿಸುವಾಗ ತಾನೂ ಕುಡಿಯುವುದಿಲ್ಲ. ದಿನಕ್ಕೆ ಅಷ್ಟೊಂದು ಪೀಪಾಯಿ ಕುಡಿದರೆ ಸಂಜೆಗೆ ಮನೆ ಸೇರುವುದು ಹೇಗೆ? ಮೂಸಿಯೇ ಇದು ಫೀನೋಗೆ, ಇದು ಒಲೊರೊಸೊಗೆ ಅಂತ ಸುಣ್ಣದಕಡ್ಡಿಯಲ್ಲಿ ಗೆರೆ ಎಳೆಯುವುದು. ಫೀನೋ ಆಗಲಿ ಅಂತ ಒಂದು ಗೆರೆ ಎಳೆದದ್ದು ಬೇರೆ ದಾರಿ ಹಿಡಿದರೆ ಆ ಗೆರೆಯನ್ನು ಅಡ್ಡ ಕತ್ತರಿಸುತ್ತಾರೆ. ಅದೇ ಪಾಲೊ ಕೊರ್ತಾದೊ, ಕತ್ತರಿಸಿದ ಗೆರೆ. ಅದೂ ಒಂದು ಬಗೆಯ ಶೆರ್ರಿ, ಅಪರೂಪದ್ದು.

ಉಳಿದವನ್ನು ಅಕ್ಕ ಬರೆದಂತೆಯೇ ಕೊಡುತ್ತೇನೆ. ಅಮೊಂತಿಯಾದೊ: "ತುಪ್ಪದಲ್ಲಿ ಹುರಿದ ಗೋಡಂಬಿ, ಪಾಯಸಕ್ಕೆ ಹಾಕೋ ಮುಂಚೆ. ಕಿತ್ತಳೆ ಸಿಪ್ಪೆ ಒಣಗಿದ್ದು." ಒಲೊರೊಸೊ: "ಅಜ್ಜನ ಮರದ ಪೆಟ್ಟಿಗೆ ಮುಚ್ಚಳ ತೆಗೆದಾಗ. ಅಕ್ರೋಟು. ಎಲೆ ಅಡಿಕೆ ಚೀಲ." ಇಷ್ಟು ಪರಿಮಳ ಇದ್ದದ್ದಕ್ಕೆ ಸಿಹಿ ಇರುತ್ತದೆ ಅಂತ ನಾನು ಬಾಯಿಗಿಟ್ಟರೆ ಒಣಕಲು! ಮೂಗಿಗೂ ನಾಲಿಗೆಗೂ ಜಗಳ. ಒಲೊರೊಸೊ ಅನ್ನುವ ಪದದ ಅರ್ಥವೇ ಪರಿಮಳದ್ದು ಅಂತ, ಸಿಹಿ ಅಂತ ಯಾರೂ ಹೇಳಿರಲಿಲ್ಲ. ಇದು ನನಗೆ ಎಲ್ಲಕ್ಕಿಂತ ಹಿಡಿಸಿತು.

ಕೊನೆಗೆ ಪೆದ್ರೊ ಹಿಮೆನೆಸ್. ಇದು ದ್ರಾಕ್ಷಿಯ ಹೆಸರೂ ಹೌದು, ವೈನಿನ ಹೆಸರೂ ಹೌದು. ಹಣ್ಣನ್ನು ಹಪ್ಪಳದ ಹಾಗೆ ಬಿಸಿಲಲ್ಲಿ ಚಾಪೆಯ ಮೇಲೆ ಒಣಗಿಸಿ ಹಿಂಡುತ್ತಾರೆ. ಕಾಫಿ ಡಿಕಾಕ್ಷನ್ನಿಗಿಂತ ಕಪ್ಪು, ಗ್ಲಾಸಿಗೆ ಅಂಟಿಕೊಂಡು ಇಳಿಯುತ್ತದೆ, ಲೀಟರಿಗೆ 400 ಗ್ರಾಂ ಸಕ್ಕರೆಯೂ ಇರುವುದುಂಟು. ಅಕ್ಕ ಮೂಸಿದಳು. ಏನೂ ಬರೆಯಲಿಲ್ಲ. ಮತ್ತೆ ಮೂಸಿದಳು. "ಆಲೆಮನೆ," ಅಂದಳು. ಜೋನಿಬೆಲ್ಲ ಇಳಿಸುವ ಹೊತ್ತಿನ ಆಲೆಮನೆ. ನಾವಿಬ್ಬರೂ ಸುಮ್ಮನೆ ಕೂತೆವು. ಅಪ್ಪ ತೀರಿಕೊಂಡ ಮೇಲೆ ಗದ್ದೆಯನ್ನು ಗೇಣಿಗೆ ಕೊಟ್ಟು, ನಾವು ಆಲೆಮನೆ ನೋಡಿ ಹದಿನಾರು ವರ್ಷ ಆಗಿತ್ತು. ಇದನ್ನು ಐಸ್‌ಕ್ರೀಮಿಗೆ ಹಾಕಿಕೊಂಡು ತಿನ್ನುತ್ತಾರೆ ಅಂತ ಮೇಸ್ತ್ರಿ ಹೇಳಿದರು. ನನಗೆ ನೀರ್ದೋಸೆ ನೆನಪಾಯಿತು.

ಹೆರೆಸ್‌ನಲ್ಲಿ ತೋಸೀನೊ ದೆ ಸಿಯೆಲೊ ಅಂತ ಒಂದು ಸಿಹಿ ಇದೆ. ಹೆಸರಿನ ಅರ್ಥ ಸ್ವರ್ಗದ ಹಂದಿ ಕೊಬ್ಬು. ಅಕ್ಕ ದೂರ ಸರಿದಳು. ಆದರೆ ಅದರಲ್ಲಿ ಹಂದಿ ಇಲ್ಲ, ಮೊಟ್ಟೆಯ ಹಳದಿ, ಸಕ್ಕರೆ ಪಾಕ ಅಷ್ಟೆ. ಹಿಂದೆ ವೈನ್ ತಿಳಿ ಮಾಡಲು ಮೊಟ್ಟೆಯ ಬಿಳಿ ಬಳಸುತ್ತಿದ್ದರು, ಉಳಿದ ಹಳದಿಯನ್ನು ಕಾನ್ವೆಂಟಿನ ಸನ್ಯಾಸಿನಿಯರಿಗೆ ಕೊಡುತ್ತಿದ್ದರು, ಅವರ ಕೈಯಲ್ಲಿ ಆದದ್ದು ಇದು. ಅಕ್ಕ ಮೊಟ್ಟೆ ತಿನ್ನುತ್ತಾಳೆ, ಎರಡು ತಿಂದಳು.

ಕೊನೆಯ ದಿನ ಬಸ್ಸಿನಲ್ಲಿ ಸಾನ್‌ಲೂಕರ್‌ಗೆ ಹೋದೆವು. ಗ್ವಾದಲ್ಕಿವೀರ್ ನದಿ ಸಮುದ್ರ ಸೇರುವ ಊರು. ಮೆಗೆಲನ್ 1519ರಲ್ಲಿ ಹಡಗು ಹೊರಡಿಸಿದ್ದು ಇಲ್ಲಿಂದ. ನದಿ ದಂಡೆಯ ಹೋಟೆಲಿನಲ್ಲಿ ಬಿಸಿಲಿಗೆ ಸುಸ್ತಾಗಿ ಕೂತ ಅಕ್ಕ, ಬಾರ್ಸಿಲೋನಾದಲ್ಲಿ ಯಾವಾಗಲೂ ಕೇಳುವ ಹಾಗೆ, "ಉನಾ ಮನ್ಸಾನಿಯಾ" ಅಂದಳು. ಮನ್ಸಾನಿಯಾ ಅಂದರೆ ಶಾವಂತಿಗೆಯಂಥ ಕ್ಯಾಮೊಮೈಲ್ ಹೂವಿನ ಚಹಾ. ವೇಟರ್ ತಂದು ಇಟ್ಟದ್ದು ತಣ್ಣಗೆ ಬೆವರುತ್ತಿದ್ದ ಒಂದು ಗ್ಲಾಸು. ಈ ಊರಿನಲ್ಲಿ ಮನ್ಸಾನಿಯಾ ಅಂದರೆ ಇಲ್ಲಿಯೇ ಆಗುವ, ಫೀನೋದಂಥ ಶೆರ್ರಿ. ಕಡಲ ಗಾಳಿಗೆ ಇಲ್ಲಿ ಫ್ಲೋರ್ ದಪ್ಪಗೆ ಬೆಳೆಯುತ್ತದೆ. ಅಕ್ಕನ ಅಭ್ಯಾಸ ಅವಳನ್ನು ಕಾಪಾಡಿತು, ಬಾಯಿಗಿಡುವ ಮೊದಲು ಮೂಸಿದಳು.

"ಚಹಾ ಅಲ್ಲ ಮಾರಾಯ್ತಿ ಇದು. ಮಲ್ಪೆ ಬೀಚು, ಬೆಳಗ್ಗೆ."

ನಾನು ಗ್ಲಾಸು ನನ್ನ ಕಡೆ ಎಳೆದುಕೊಂಡೆ. ಸಣ್ಣ ಸಿಗಡಿ ಹಾಕಿ ಕರಿದ ತೆಳು ದೋಸೆಯಂಥದ್ದು ಸಿಗುತ್ತದೆ ಅಲ್ಲಿ, ತೋರ್ತೀಯಿತಾ ಅಂತ. ಗರಿಗರಿ. ಅದರ ಜೊತೆ ಮನ್ಸಾನಿಯಾ ಕುಡಿದ ಮೇಲೆ ನನ್ನ ನೋಟ್‌ಬುಕ್ಕಿನ ಮೊದಲ ಪುಟ ಹರಿದು ಹಾಕಿದೆ. ಬರೀ ಗ್ಲಾಸು ಹಿಡಿದು ರುಚಿ ನೋಡಿದಾಗ ಚೂಪು ಅನ್ನಿಸುವುದು ಎಣ್ಣೆಯಲ್ಲಿ ಕರಿದದ್ದರ ಜೊತೆ ನಿಂಬೆ ಹಿಂಡಿದಂತೆ ಆಗುತ್ತದೆ. ಭಾವ ಮೂರು ಪ್ಲೇಟು ತರಿಸಿದರು. ಅಕ್ಕನಿಗೆ ಕೊನೆಗೂ ಚಹಾ ಸಿಕ್ಕಿತು. ವೇಟರ್ ಅದನ್ನು ತಂದಿಡುವಾಗ ಕಾಯಿಲೆಯವರನ್ನು ನೋಡುವಂತೆ ನೋಡಿದ.

ಬೆಂಗಳೂರಿಗೆ ಬರುವಾಗ ತಲೆಗೆ 2 ಲೀಟರ್ ಅಂತ ಕಸ್ಟಮ್ಸ್ ಲೆಕ್ಕ. ಒಲೊರೊಸೊ ಒಂದು, ಪೆದ್ರೊ ಹಿಮೆನೆಸ್ ಒಂದು, 375 ಎಂಎಲ್‌ನ ಅರ್ಧ ಬಾಟಲಿ ಫೀನೋ ಒಂದು. ಕಾವಾ ಬಿಟ್ಟುಬಂದದ್ದಕ್ಕೆ ಈಗ ಬೇಜಾರಾಗುತ್ತಿದೆ. ಫೀನೋ ತೆಗೆದ ದಿನ ಮೀನಿನ ಅಂಗಡಿಯಿಂದ ಬೂತಾಯಿ ತಂದು ರವೆ ಹಚ್ಚಿ ಕರಿದೆ. ಗೆಳತಿಯರು ಇಬ್ಬರು ಬಂದಿದ್ದರು. ಒಬ್ಬಳು ಒಂದು ಗುಟುಕಿಗೆ ಮುಖ ಕಿವುಚಿ ಬಿಯರ್ ತೆಗೆದುಕೊಂಡಳು. ಇನ್ನೊಬ್ಬಳು ಕಾಂಗ್ರೆಸ್ ಕಡಲೆಕಾಯಿ ಜೊತೆ ಚೆನ್ನಾಗಿದೆ ಅಂತ ಎರಡು ಗ್ಲಾಸು ಕುಡಿದಳು. ಬಾಟಲಿ ಅವತ್ತೇ ಮುಗಿಸಿದೆವು, ಹಳಸಲು ಬಿಡಲಿಲ್ಲ.

ಕಳೆದ ಭಾನುವಾರ ಭಾವ ವಿಡಿಯೋ ಕಾಲ್ ಮಾಡಿದರು. ಅದೇ ಮನೆ ಹಿಂದಿನ ಬಾರು. ಕೈಯಲ್ಲಿ ಫೀನೋ. ಕಪಾಟಿನ ಬಾಟಲಿ ಬೇಡ, ಹೊಸದು ತೆಗಿ, ಅದೂ ಫ್ರಿಜ್ಜಿನಿಂದ, ಅಂತ ಬಾರಿನವನ ಹತ್ತಿರ ಹತ್ತು ನಿಮಿಷ ವಾದ ಮಾಡಿದರಂತೆ. ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ. ಯಾಕೆ ಅಂತ ಕೇಳುವಷ್ಟರಲ್ಲಿ ಪಕ್ಕದಿಂದ ಒಂದು ಕೈ ಬಂದು ಗ್ಲಾಸನ್ನು ಎಳೆದುಕೊಂಡಿತು. ಫೋನಿನಲ್ಲಿ ಸ್ವಲ್ಪ ಹೊತ್ತು ಬಾರಿನ ಗದ್ದಲವಷ್ಟೇ ಕೇಳಿಸಿತು.

"ಹ್ಞೂಂ, ಕುಡೀರಿ," ಅಂದಳು ಅಕ್ಕ.